ಆರ್ಡಿಸ್ ಕ್ವಾಮ್ ತಡೆದ ಲಕೋಟೆಗಳು

ಆರ್ಡಿಸ್ ಕ್ವಾಮ್ ಒಳ್ಳೆಯ ಹೆಂಗಸು ಎಂದು ಊರೆಲ್ಲ ಹೇಳುತ್ತದೆ. ಹೇಳಲಿ. ಆರು ಚುನಾವಣೆ ಆಕೆಯ ಪಕ್ಕ ಕುಳಿತು ಅಂಚೆ ಮತದ ಲಕೋಟೆ ನೋಡಿದವನು ನಾನು, ಊರಲ್ಲ.

ಮಿನ್ನೆಸೋಟದ ನಮ್ಮ ಕೌಂಟಿಯಲ್ಲಿ ಇದು ಮೂರು ವಾರದ ಕೆಲಸ. ಕೋರ್ಟಿನ ನೆಲಮಾಳಿಗೆಯಲ್ಲಿ ಮೇಜಿಗೆ ಇಬ್ಬರು, ಒಬ್ಬರು ಆ ಪಕ್ಷ, ಒಬ್ಬರು ಈ ಪಕ್ಷ. ಮತದಾರರ ಸಹಿ ಸರಿಯಿದೆಯೇ, ಅದಕ್ಕೆ ಸಾಕ್ಷಿ ಹಾಕಿದವರ ವಿಳಾಸ ಇದೆಯೇ ನೋಡಬೇಕು. ಇಲ್ಲದಿದ್ದರೆ ತಿರಸ್ಕಾರದ ಕೆಂಪು ಮುದ್ರೆ. ಮೂವತ್ತು ವರ್ಷ ಶಾಲೆಯಲ್ಲಿ ಅಡುಗೆ ಮಾಡಿ, ಒಂದು ಮಗುವಿಗೂ ಎರಡನೇ ಸೌಟು ಬಡಿಸದ ಆರ್ಡಿಸ್‌ಗೆ ಆ ಮುದ್ರೆ ಹೇಳಿ ಮಾಡಿಸಿದಂತಿತ್ತು. ಸಾಕ್ಷಿ ಬೀದಿಯ ಹೆಸರು ಬರೆದಿಲ್ಲವೆಂದು ತನ್ನ ಚರ್ಚಿನ ಪಾದ್ರಿಯ ಲಕೋಟೆಗೂ ಒತ್ತಿದಳು.

"ಪಾದ್ರಿಗಳು ಕಣ್ರೀ, ಪಾಪ" ಅಂದೆ.

"ದೇವರಿಗೆ ವಿಳಾಸ ಬೇಡ, ಜೆರೋಮ್. ಇಲ್ಲಿ ಬೇಕು."

ಅದಕ್ಕೆ ನಾನೂ ನಕ್ಕೆ. ನಗು ನಿಂತದ್ದು ಎರಡು ವರ್ಷದ ಕೆಳಗೆ. ಲಕೋಟೆ ಒಡೆಯುವ ಮೊದಲು ಮತದಾರ ಸತ್ತರೆ ಓಟೂ ಸತ್ತಂತೆ. ಒಡೆದು ಚೀಟಿ ಪೆಟ್ಟಿಗೆಗೆ ಬಿದ್ದ ಮೇಲೆ ಸತ್ತರೆ ಎಣಿಕೆಗೆ ಬರುತ್ತದೆ. ನನ್ನ ಅಮ್ಮ ಬರ್ನಿಸ್ ಭಾನುವಾರ ತೀರಿಕೊಂಡಳು. ಅಂದೇ ಸಂಜೆ ಆರ್ಡಿಸ್ ಆಲೂಗಡ್ಡೆ ಬೇಯಿಸಿ ತಂದು, ನನ್ನ ಬೆನ್ನು ಸವರಿ ಹೋದಳು. ಸೋಮವಾರ ಲಕೋಟೆ ಒಡೆಯುವ ದಿನ. ಪತ್ರಿಕೆಯಲ್ಲಿ ಸುದ್ದಿ ಇನ್ನೂ ಬಂದಿರಲಿಲ್ಲ. ಅಮ್ಮನ ಓಟು ಪೆಟ್ಟಿಗೆ ಸೇರುವುದನ್ನು ನೋಡೋಣವೆಂದೇ ನಾನು ಕೆಲಸಕ್ಕೆ ಹೋಗಿದ್ದೆ.

ಕ್ಲರ್ಕ್ ಜನೆಲ್ ದಿನವೂ ಕೇಳುವಂತೆ ಕೇಳಿದಳು: "ಯಾರಾದ್ರೂ ಹೋದ್ರಾ?"

"ಬರ್ನಿಸ್ ಪಿಲಾರ್‌ಸ್ಕಿ, ನಿನ್ನೆ" ಅಂದಳು ಆರ್ಡಿಸ್.

"ಸುಮ್ನಿರಿ, ನಿಮ್ಮ ದಮ್ಮಯ್ಯ" ಅಂದೆ, ಎಲ್ಲರ ಎದುರೇ.

"ಸತ್ತೋರಿಗೆ ಓಟಿಲ್ಲ, ಜೆರೋಮ್." ಅಮ್ಮನ ಲಕೋಟೆಯನ್ನು ತಾನೇ ಹುಡುಕಿ ತೆಗೆದಳು. ಆ ಸಿಟ್ಟು ನನ್ನ ಹೊಟ್ಟೆಯಲ್ಲಿ ಬೂದಿ ಮುಚ್ಚಿದ ಕೆಂಡವಾಗಿ ಕೂತಿತು.

ಈ ಸಲ ಆಕೆಯ ಗಂಡ ವೆಂಡೆಲ್ ಹಾಸಿಗೆ ಹಿಡಿದಿದ್ದ. ಶಾಲೆಯ ಬಸ್ಸು ಓಡಿಸುತ್ತಿದ್ದವನು, ಯಾರಿಗೂ ಕೇಡು ಬಯಸದ ಮನುಷ್ಯ. ನೋಡಲು ಹೋದಾಗ, "ಇಪ್ಪತ್ತೊಂದನೇ ವಯಸ್ಸಿಂದ ಒಂದೂ ತಪ್ಪಿಸಿಲ್ಲ ಕಣೋ. ಇದೊಂದು ಹಾಕಿಯೇ ಸಾಯೋದು" ಅಂದಿದ್ದ. ಗಂಡನ ಲಕೋಟೆಯನ್ನು ಹೆಂಡತಿ ಮುಟ್ಟುವಂತಿಲ್ಲ, ಹಾಗಾಗಿ ಪಕ್ಕದ ಮೇಜಿನವರು ನೋಡಿ ಒಪ್ಪಿದರು. ಅದು ಕಪಾಟು ಸೇರಿತು. ಒಡೆಯಲು ನಾಲ್ಕು ದಿನ ಬಾಕಿಯಿತ್ತು.

ಒಡೆಯುವ ದಿನ ಬೆಳಿಗ್ಗೆ ನನ್ನ ನಾದಿನಿ ಫೋನ್ ಮಾಡಿದಳು. ವೆಂಡೆಲ್‌ನನ್ನು ನೋಡಿಕೊಳ್ಳುತ್ತಿದ್ದ ನರ್ಸ್ ಅವಳೇ. ಆರು ಗಂಟೆ ಹತ್ತು ನಿಮಿಷಕ್ಕೆ ಹೋದನಂತೆ.

ಒಂಬತ್ತಕ್ಕೆ ಆರ್ಡಿಸ್ ಬಂದಳು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಕುಳಿತು ಪತ್ರಿಕೆಯ ನಿಧನದ ಪುಟ ಬಿಡಿಸಿದಳು. ಯಾಕೆ ಬಂದಳೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನಗೆ ಅಯ್ಯೋ ಅನ್ನಿಸಲಿಲ್ಲ. ಖುಷಿಯಾಯಿತು, ನಿಜ ಹೇಳುತ್ತೇನೆ.

"ಯಾರಾದ್ರೂ ಹೋದ್ರಾ?" ಅಂದಳು ಜನೆಲ್.

ಆರ್ಡಿಸ್ ಪುಟದ ಮೇಲೆ ಬೆರಳಾಡಿಸಿದಳು. "ಯಾರೂ ಇಲ್ಲ."

ಒಂದು ಗಳಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

"ವೆಂಡೆಲ್ ಕ್ವಾಮ್" ಅಂದೆ. "ಇವತ್ತು ಬೆಳಿಗ್ಗೆ."

ಜನೆಲ್ ಆಕೆಯ ಮುಖ ನೋಡಿದಳು. ಆರ್ಡಿಸ್ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿದಳು.

"ಸತ್ತೋರಿಗೆ ಓಟಿಲ್ಲ, ಆರ್ಡಿಸ್" ಅಂದೆ.

ಆಕೆ ಬೇಡಿಕೊಳ್ಳಲಿಲ್ಲ. ಮುದ್ರೆಯನ್ನು ಮೇಜಿನ ಮೇಲೆ ನನ್ನ ಕಡೆ ಸರಿಸಿ, ಕೋಟು ಹಾಕಿಕೊಂಡು ಹೋದಳು. ನಾನೇ ಒತ್ತಿದೆ. ಮಧ್ಯಾಹ್ನ ಹೊಟ್ಟೆ ತುಂಬ ಉಂಡೆ.

ಶನಿವಾರ ಮಣ್ಣು ಮಾಡಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹೋಗದಿದ್ದರೆ ಊರು ಆಡಿಕೊಳ್ಳುತ್ತದೆಂದು ಹೋದೆ. ವಿಧವೆ ಕೂರಬೇಕು, ಉಳಿದವರು ಬಡಿಸಬೇಕು. ಆರ್ಡಿಸ್ ಮಾತ್ರ ಏಪ್ರನ್ ಕಟ್ಟಿ ಸೌಟು ಹಿಡಿದು ನಿಂತಿದ್ದಳು. ನನ್ನ ತಟ್ಟೆಗೆ ಒಂದು ಸೌಟು ಹಾಕಿದಳು. ನಾನು ಮುಂದೆ ಸರಿಯುವಷ್ಟರಲ್ಲಿ ಇನ್ನೊಂದು ಹಾಕಿದಳು.

"ಆವತ್ತು ಐದು ಗಂಟೆಗೆ ಎಚ್ಚರ ಆಯ್ತು ಅವನಿಗೆ" ಅಂದಳು, ತಗ್ಗಿದ ದನಿಯಲ್ಲಿ. "ನನ್ನ ಓಟು ಬಿತ್ತಾ ಅಂದ. ನಿನ್ನೆನೇ ಪೆಟ್ಟಿಗೆಗೆ ಬಿತ್ತು ಅಂದೆ. ನಕ್ಕ. ಆಮೇಲೆ ಮಾತಾಡಲಿಲ್ಲ."

ನನ್ನ ಹಿಂದಿನವರು ತಟ್ಟೆ ಹಿಡಿದು ಕಾಯುತ್ತಿದ್ದರು.

"ಐವತ್ತೊಂದು ವರ್ಷದಲ್ಲಿ ಅವನಿಗೆ ಬೇರೆ ಸುಳ್ಳು ಹೇಳಿಲ್ಲ. ಅದನ್ನ ನಿಜ ಮಾಡೋಣ ಅಂತ ಬಂದು ಕೂತಿದ್ದೆ" ಅಂದಳು. "ಉಣ್ಣು, ಜೆರೋಮ್. ಆರಿ ಹೋಗುತ್ತೆ."