ಶವವಾಹನದ ಮರೆಪ್ಪ ಫೋನ್ ಬಿಟ್ಟ ಕಾರಣ

ಜಯನಗರದ ಅಡ್ಡರಸ್ತೆಯಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಬಿಳಿಯ ವ್ಯಾನು ತಿರುವಿನಲ್ಲಿ ಕಾಣಿಸಿದೊಡನೆ ಹಾಲಿನ ಬೂತಿನ ಮುಂದೆ ನಿಂತವರು ಮಾತು ನಿಲ್ಲಿಸಿ ದಾರಿ ಬಿಡುತ್ತಾರೆ. ಚಾಲಕ ಮರೆಪ್ಪ ಹಾರನ್ ಒತ್ತುವುದಿಲ್ಲ. ಸಾವಿನ ಮನೆಗೆ ಎರಡು ಮನೆ ಈಚೆಗೇ ಎಂಜಿನ್ ಆರಿಸಿ, ಚಪ್ಪಲಿಯನ್ನು ವ್ಯಾನಿನಲ್ಲೇ ಬಿಟ್ಟು, ಬರಿಗಾಲಲ್ಲಿ ಗೇಟಿನ ಬಳಿಗೆ ನಡೆಯುತ್ತಾರೆ.

ಒಳಗೆ ನಾಗಲಕ್ಷ್ಮಮ್ಮನವರ ದೇಹವನ್ನು ಹಜಾರದಲ್ಲಿ ಮಲಗಿಸಿದೆ. ಹಿರಿಯ ಮಗಳು ಕಾತ್ಯಾಯಿನಿಯ ಫೋನು ಒಂದು ಕ್ಷಣವೂ ಸುಮ್ಮನಿಲ್ಲ. ಸಂತಾಪದ ಕರೆಗಳು ಒಂದರ ಬೆನ್ನಿಗೆ ಒಂದು. ಮರೆಪ್ಪ ಬಾಗಿಲಲ್ಲೇ ನಿಂತು, ಪ್ರತಿ ಮನೆಯಲ್ಲೂ ಕೇಳುವ ಪ್ರಶ್ನೆಯನ್ನೇ ಕೇಳುತ್ತಾರೆ: "ಅಕ್ಕಾ, ಬರಕ್ಕಾಗದೋರು ಯಾರಾದ್ರೂ ಇದಾರಾ?"

"ನನ್ನ ತಂಗಿ, ಚೂಡಾಮಣಿ. ಕಾಲು ಮುರಿದು ದಾವಣಗೆರೆ ಆಸ್ಪತ್ರೇಲಿದಾಳೆ. ನನ್ನ ಫೋನಲ್ಲಿ ತೋರಿಸೋಣ ಅಂದ್ರೆ ನೋಡಿ, ಹೆಂಗೆ ಬಡ್ಕೋತಿದೆ."

"ಅದನ್ನ ಇಲ್ಲೇ ಬಿಡಿ. ನನ್ನ ಹತ್ರ ಬಡ್ಕೊಳ್ಳದೇ ಇರೋದು ಒಂದಿದೆ."

ಅವರ ಅಂಗಿಯ ಜೇಬಿನಿಂದ ಹೊರಬರುವುದು ಅಂಗೈಯಗಲದ ಒಂದು ಪುಟ್ಟ ಟ್ಯಾಬು. ಸಿಮ್ಮಿಲ್ಲ, ನಂಬರಿಲ್ಲ, ಆದ್ದರಿಂದ ಅದಕ್ಕೆ ಕರೆ ಬಾರದು. ಅಂತರ್ಜಾಲ ಒದಗಿಸಲು ಸಾಬೂನಿನ ಗಾತ್ರದ ಹಾಟ್‌ಸ್ಪಾಟ್ ಬೇರೆ. ಅದನ್ನು ಅವರು ಡಬ್ಬಿ ಎಂದಷ್ಟೇ ಕರೆಯುತ್ತಾರೆ. ಇವೆರಡೇ ಅವರ ಬಳಿ ಇರುವುದು. ಮಾತಿನ ಫೋನನ್ನು ಮಾರಿ ವರ್ಷ ಕಳೆದಿದೆ.

ದೇವದುರ್ಗದ ಕಡೆಯಿಂದ ಬಂದು ಬಿಟಿಎಂ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ನೆಲೆಸಿದ ಮರೆಪ್ಪ ಮೊದಲು ಸಾಮಾನು ಸಾಗಿಸುವ ಟೆಂಪೊ ಓಡಿಸುತ್ತಿದ್ದರು. ಶವವಾಹನಕ್ಕೆ ಚಾಲಕರು ಸಿಗದಿದ್ದಾಗ ಇದಕ್ಕೆ ಬಂದರು. "ಮೊದಮೊದಲು ಊಟ ಸೇರ್ತಿರಲಿಲ್ಲ" ಎನ್ನುತ್ತಾರೆ. "ಆಮೇಲೆ ಅನ್ನಿಸ್ತು, ಯಾರಾದ್ರೂ ಕರ್ಕೊಂಡ್ ಹೋಗ್ಲೇಬೇಕಲ್ಲ." ದಿನಕ್ಕೆ ಎರಡು ಮೂರು ಮನೆ, ಗೊಟ್ಟಿಗೆರೆಯಿಂದ ಸುಬ್ರಹ್ಮಣ್ಯಪುರದವರೆಗೆ ಅವರ ವ್ಯಾನು ನಿಲ್ಲದ ಬೀದಿ ಕಡಿಮೆ.

ಫೋನ್ ಬಿಡಿಸಿದ್ದು ಒಂದು ಮಧ್ಯಾಹ್ನ. ಕಲಬುರಗಿಯಲ್ಲಿ ಹಸಿಬಾಣಂತಿಯಾಗಿದ್ದ ಮಗಳೊಬ್ಬಳು ಮರೆಪ್ಪನವರ ಫೋನಿನ ಮೂಲಕ ತಂದೆಯ ಅಂತ್ಯಕ್ರಿಯೆ ನೋಡುತ್ತಿದ್ದಳು. ಬಾಯಿಗೆ ಅಕ್ಕಿಕಾಳು ಹಾಕಿ ಮುಗಿದಿತ್ತು. ವಿದ್ಯುತ್ ಚಿತಾಗಾರದ ಕುಲುಮೆಯ ಬಾಗಿಲು ಮೇಲೇಳುವ ಹೊತ್ತಿಗೆ ಸರಿಯಾಗಿ ಮುಂದಿನ ಬಾಡಿಗೆಯ ಕರೆ ಬಂದು, ಚಿತ್ರ ಕಡಿದುಹೋಯಿತು. ಮರಳಿ ಹಿಡಿಯುವಷ್ಟರಲ್ಲಿ ಬಾಗಿಲು ಇಳಿದಿತ್ತು. "ಅಪ್ಪ ಎಲ್ಲಿ, ಅಣ್ಣಾ?" ಎಂದಳು ಆಕೆ. ಆ ವಾರವೇ ಫೋನು ಮಾರಾಟವಾಯಿತು.

ಮನೆಯಲ್ಲಿ ಅದು ಸುಲಭವಾಗಿ ಅರಗಲಿಲ್ಲ. "ಹೆಂಡ್ತಿ ಫೋನ್ ಎತ್ತೂದು ತಪ್ಪಿಸ್ಕೊಳ್ಳಾಕ ಫೋನನ್ನ ಮಾರಿದ ಗಂಡ ಈ ಊರಾಗ ಇವನೊಬ್ನ" ಎಂದು ಪತ್ನಿ ರೇಣುಕವ್ವ ಈಗಲೂ ನೆರೆಯವರೆದುರು ಆಡುತ್ತಾರೆ. ಪಿ.ಜಿ.ಯೊಂದರ ಅಡುಗೆಮನೆಯಲ್ಲಿ ದುಡಿಯುವ ಆಕೆ ಹೇಳಬೇಕಾದುದನ್ನು ಆ ಟ್ಯಾಬಿಗೇ ಧ್ವನಿಸಂದೇಶದಲ್ಲಿ ಬೈದು ಕಳಿಸುತ್ತಾರೆ. ಮರೆಪ್ಪ ಬಿಡುವಾದಾಗ ಕೇಳಿಸಿಕೊಳ್ಳುತ್ತಾರೆ.

ವ್ಯಾನುಗಳ ಮಾಲೀಕ ಮೋಹಿತ್‌ಗೆ ಮಾತ್ರ ಇದು ನಗೆಯ ಸಂಗತಿಯಲ್ಲ. ಸಾವು ಹೊತ್ತು ನೋಡಿ ಬರುವುದಿಲ್ಲ. ಕರೆದಾಗ ಸಿಗದ ಚಾಲಕನಿಂದ ಬಾಡಿಗೆ ಬೇರೆಯವರ ಪಾಲಾಗುತ್ತದೆ. "ನಾಳೆಯಿಂದ ಫೋನ್ ಇಟ್ಕೋ, ಇಲ್ಲಾ ಕೀ ಇಟ್ಟು ಹೋಗು" ಎಂದು ನಿನ್ನೆಯಷ್ಟೇ ಕೊನೆಯ ಸಲ ಎಚ್ಚರಿಸಿದ್ದಾನೆ. ಆ 'ನಾಳೆ' ಇಂದೇ.

ಬನಶಂಕರಿಯ ಚಿತಾಗಾರದ ಅಂಗಳದಲ್ಲಿ ಮರೆಪ್ಪ ಟ್ಯಾಬನ್ನು ಎದೆಯ ಮಟ್ಟಕ್ಕೆ ಹಿಡಿದು ನಿಂತಿದ್ದಾರೆ. ಪರದೆಯಲ್ಲಿ ಆಸ್ಪತ್ರೆಯ ದಿಂಬಿಗೊರಗಿದ ಚೂಡಾಮಣಿ. "ಅಕ್ಕ, ಅಮ್ಮನ ಹಣೆ ಮೇಲಿಂದ ಆ ಹೂವು ಸರಿಸೇ, ಮುಖ ಕಾಣ್ತಿಲ್ಲ" ಎನ್ನುತ್ತಾಳೆ. ಕಾತ್ಯಾಯಿನಿ ಸರಿಸುತ್ತಾಳೆ. ಅಷ್ಟರಲ್ಲಿ ಗೇಟಿನಲ್ಲಿ ಸ್ಕೂಟರ್ ನಿಲ್ಲುತ್ತದೆ. ಮೋಹಿತ್ ದಾಪುಗಾಲಿಡುತ್ತ ಬರುತ್ತಾನೆ.

"ಏನ್ ಗುರು ನೀನು! ಜೆಪಿ ನಗರದ ಆಸ್ಪತ್ರೇಲಿ ಪಾರ್ಟಿ ಕಾಯ್ತಿದೆ. ಆರು ಮೆಸೇಜ್ ಹಾಕಿದೀನಿ!"

"ನೋಡಿಲ್ಲ ಸಾರ್. ಇದು ಮುಗಿಯೋವರೆಗೂ ನೋಡಲ್ಲ."

"ಕೀ ಕೊಡು."

ಮರೆಪ್ಪ ವಾದಿಸುವುದಿಲ್ಲ. ಟ್ಯಾಬನ್ನು ಅಲುಗಿಸದೆ ವ್ಯಾನಿನತ್ತ ನಡೆದು, ಚಾರ್ಜಿಗಿಟ್ಟಿದ್ದ ಡಬ್ಬಿಯನ್ನು ತಂತಿಯಿಂದ ಬಿಡಿಸಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಅನಂತರ ಕೀ ನೀಡುತ್ತಾರೆ. ಕೆಲಸ ಹೋಯಿತೆಂದೇ ಅವರ ಎಣಿಕೆ. ಆದರೂ ಹಿಂದಿರುಗಿ ಬಂದು ಮೊದಲಿನ ಜಾಗದಲ್ಲೇ ನಿಲ್ಲುತ್ತಾರೆ.

ಕುಲುಮೆಯ ಬಾಗಿಲು ಮೇಲೇಳುತ್ತದೆ. ಕೀ ಹಿಡಿದ ಮೋಹಿತ್, ಅದೇಕೋ ಇನ್ನೂ ಹೊರಟಿಲ್ಲ. "ಅಮ್ಮಾ, ಹೋಗಿ ಬಾ" ಎಂಬ ಧ್ವನಿ ಪುಟ್ಟ ಪರದೆಯಿಂದ ಕೇಳಿ ಅಂಗಳದಲ್ಲಿದ್ದವರೆಲ್ಲ ತಲೆ ತಗ್ಗಿಸುತ್ತಾರೆ. ಬಾಗಿಲು ಪೂರ್ತಿ ಇಳಿದ ಮೇಲೆ ಮೋಹಿತ್ ತಲೆಯೆತ್ತದೆ ವ್ಯಾನು ಹತ್ತಿ ತಾನೇ ಜೆಪಿ ನಗರಕ್ಕೆ ಓಡಿಸುತ್ತಾನೆ. ಮರೆಪ್ಪ ಬಸ್ಸು ಹಿಡಿದು ಮನೆಗೆ ಬರುತ್ತಾರೆ.

ಸಂಜೆ ಬಿಟಿಎಂನ ಕೋಣೆಯ ಬಾಗಿಲು ಬಡಿಯುತ್ತದೆ. ಮೋಹಿತ್ ಹೊಸ್ತಿಲಾಚೆಯೇ ನಿಂತು ಕೀ ಚಾಚುತ್ತಾನೆ. "ಬೆಳಿಗ್ಗೆ ಐದಕ್ಕೆ ತಲಘಟ್ಟಪುರ. ಮೆಸೇಜ್ ನೋಡ್ತೀಯೋ ಇಲ್ವೋ ಅಂತ ನಾನೇ ಬಂದೆ." ಮೆಟ್ಟಿಲಿಳಿಯುತ್ತ ಮತ್ತೆ ತಿರುಗುತ್ತಾನೆ: "ಆ ಮನೆಯೋರ ಇಬ್ರು ಮಕ್ಕಳು ದೂರದಲ್ಲಿದಾರಂತೆ. ನಾನೇ ಕೇಳ್ದೆ. ಡಬ್ಬಿ ಚಾರ್ಜ್ ಮಾಡ್ಕೋ."

ರೇಣುಕವ್ವ ತಟ್ಟೆಗೆ ರೊಟ್ಟಿ ಹಾಕಿ ಕಾಯುತ್ತಿದ್ದಾರೆ. ಮರೆಪ್ಪ ಮೊದಲು ಡಬ್ಬಿಗೆ ತಂತಿ ಚುಚ್ಚಿ, ಅದರ ಪುಟ್ಟ ದೀಪ ಹೊತ್ತಿತೇ ಎಂದು ಬಗ್ಗಿ ನೋಡುತ್ತಾರೆ.

"ಊಟಕ್ಕಿಂತ ಆ ಡಬ್ಬಿನ ಹೆಚ್ಚಾತೇನು?"

"ಹಂಗಲ್ಲ ಮಾರಾಯ್ತಿ. ಬಾಗ್ಲಾ ಮುಚ್ಚೂಕಿಂತ ಮುಂಚೆ ಎಲ್ಲಾರೂ ಬಂದ್ರೇನು ಅಂತ ಒಬ್ರರ ನೋಡ್ಬೇಕಲ್ಲ."