ದೊಡ್ಡದು ಮಾಡು

ಅಣ್ಣನ ಕೋಣೆಯಲ್ಲಿ ನಾಲ್ಕು ರಿಮೋಟುಗಳಿದ್ದವು. ಟೀವಿಗೆ ಒಂದು, ಡಿಶ್ ಡಬ್ಬಿಗೆ ಒಂದು, ಹಾಡಿನ ಪ್ಲೇಯರಿಗೆ ಒಂದು, ಆಂಪ್ಲಿಫೈಯರಿಗೆ ಒಂದು. ಒಂದು ಸಿನಿಮಾ ನೋಡಬೇಕೆಂದರೆ ಇವುಗಳಲ್ಲಿ ಮೂರನ್ನಾದರೂ ಕೈಗೆತ್ತಿಕೊಳ್ಳಬೇಕು, ಅದೂ ಸರಿಯಾದ ಕ್ರಮದಲ್ಲಿ. ಕ್ರಮ ತಪ್ಪಿದರೆ ಚಿತ್ರ ಬರುತ್ತಿತ್ತು, ಗೋಡೆಗೆ ಹೊಡೆದ ಸ್ಪೀಕರುಗಳು ಸುಮ್ಮನಿರುತ್ತಿದ್ದವು. ಆ ಕ್ರಮ ಅಣ್ಣನಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು. ಎಲ್ಲವನ್ನೂ ಜೋಡಿಸಿದವನು ಅವನೇ.

ಅಣ್ಣ ಶಿರಾದಲ್ಲಿ ಮೈಕ್‌ಸೆಟ್ಟನ್ನು ಬಾಡಿಗೆಗೆ ಕೊಡುತ್ತಿದ್ದ. ಮದುವೆ, ನಾಮಕರಣ, ಶಾಲೆಯ ವಾರ್ಷಿಕೋತ್ಸವ ಎಂದು ಪಟ್ಟನಾಯಕನಹಳ್ಳಿಯಿಂದ ಪಾವಗಡದವರೆಗೂ ಟೆಂಪೋದಲ್ಲಿ ಸ್ಪೀಕರ್ ಪೆಟ್ಟಿಗೆಗಳನ್ನು ಹೇರಿಕೊಂಡು ಹೋಗುತ್ತಿದ್ದ. ಊರಿಗೆಲ್ಲ ಸದ್ದು ಮಾಡಿ ಬಂದವನು ಮನೆಯಲ್ಲಿ ಸದ್ದನ್ನು ಸಹಿಸುತ್ತಿರಲಿಲ್ಲ. ಯಾರಾದರೂ ಟೀವಿ ಜೋರಾಗಿಟ್ಟರೆ ಎದ್ದು ಬಂದು ಕಡಿಮೆ ಮಾಡುತ್ತಿದ್ದ. "ಜೋರಾಗಿ ಹಾಕೋನಿಗೆ ಕಿವಿ ಇಲ್ಲ ಅಂತ ಅರ್ಥ ಕಣೇ," ಎಂದು ನನ್ನನ್ನು ಬೈಯುತ್ತಿದ್ದ. ಅವನು ಮದುವೆಯಾಗಲಿಲ್ಲ. ಕೆಲಸವಿಲ್ಲದ ದಿನ ಆ ಕೋಣೆಯಲ್ಲಿ ಒಬ್ಬನೇ ಕೂತು, ಅಡುಗೆಮನೆಗೂ ಕೇಳಿಸದಷ್ಟು ಮೆಲ್ಲಗೆ ಹಾಡು ಕೇಳುತ್ತಿದ್ದ.

ಅವನಿಗೆ ಪಾರ್ಶ್ವವಾಯು ಹೊಡೆದ ಮೇಲೆ ಬಲಗೈ, ಬಲಗಾಲು ಹೋದವು. ಮಾತು ಹೋಯಿತು. ಎದೆಯ ಒಳಗಿಂದ ಒಂದು ಸಣ್ಣ ಸದ್ದು ಬರುತ್ತಿತ್ತು, ಅದು ಬಾಗಿಲು ದಾಟುತ್ತಿರಲಿಲ್ಲ. ಬುದ್ಧಿ ಪೂರ್ತಿ ಇತ್ತು. ಎಡಗೈಯ ಹೆಬ್ಬೆರಳು ಅವನು ಹೇಳಿದಂತೆ ಕೇಳುತ್ತಿತ್ತು. ಗಂಟಲೂ ಸೋತಿತ್ತು. ಎತ್ತಿ ಕೂರಿಸಿಯೇ ಗಂಜಿ ಕೊಡಬೇಕು, ಕೊಟ್ಟ ಮೇಲೂ ಸ್ವಲ್ಪ ಹೊತ್ತು ನೋಡಿಕೊಂಡಿರಬೇಕು, ಎಂಜಲೂ ಒಮ್ಮೊಮ್ಮೆ ಅಡ್ಡ ಹೋಗುತ್ತದೆ ಎಂದು ಆಸ್ಪತ್ರೆಯಿಂದ ಕಳಿಸುವಾಗ ಹೇಳಿದ್ದರು. ನಾನು ಮಧುಗಿರಿಯ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೇ ಮನೆ. ಹಗಲೆಲ್ಲ ಅಮ್ಮ ಇರುತ್ತಿದ್ದಳು. ಅವಳ ಕಿವಿ ಚೆನ್ನಾಗಿದೆ. ಆದರೆ ಇಲ್ಲದ ದನಿಯನ್ನು ಯಾವ ಕಿವಿ ಕೇಳುತ್ತದೆ? ಅವನು ಕರೆದರೆ ನಮಗೆ ಗೊತ್ತಾಗುವುದು ಹೇಗೆ ಎಂಬುದೊಂದೇ ಆಗ ನಮ್ಮ ಚಿಂತೆಯಾಗಿತ್ತು.

ಮೊದಲು ಒಂದು ಕರೆಗಂಟೆ ತಂದು ಹಾಸಿಗೆಯ ಪಕ್ಕ ಇಟ್ಟೆವು. ಅಣ್ಣ ಅದನ್ನು ಒತ್ತಲಿಲ್ಲ. ಹೆಬ್ಬೆರಳಿನಿಂದಲೇ ಸರಿಸಿ ಸರಿಸಿ ಹಾಸಿಗೆ ಮತ್ತು ಗೋಡೆಯ ನಡುವಿನ ಸಂದಿಗೆ ಬೀಳಿಸಿದ. ಅಮ್ಮ ಬಗ್ಗಿ ತೆಗೆದಿಟ್ಟಳು, ಮತ್ತೆ ಬೀಳಿಸಿದ. ಆಮೇಲೆ ರಿಮೋಟುಗಳ ಕಡೆ ನೋಡಿದ. ನಾಲ್ಕನ್ನೂ ಅವನ ಎದೆಯ ಮೇಲೆ ಸಾಲಾಗಿಟ್ಟೆ. ಒಂದನ್ನು ಹಿಡಿಯುವುದರೊಳಗೆ ಇನ್ನೊಂದು ಜಾರುತ್ತಿತ್ತು. ಗುಂಡಿಗಳು ಸಣ್ಣವು, ಅವನ ಹೆಬ್ಬೆರಳು ಒಂದೇ ಸಲಕ್ಕೆ ಎರಡನ್ನು ಒತ್ತುತ್ತಿತ್ತು. ಟೀವಿ ಯಾವುದೋ ಭಾಷೆಯ ವಾರ್ತೆಗೆ ಹೋಗಿ ನಿಂತುಬಿಟ್ಟಿತು. ಅಣ್ಣ ಕಣ್ಣು ಮುಚ್ಚಿಕೊಂಡ.

ಎಲ್ಲಕ್ಕೂ ಸೇರಿ ಒಂದೇ ರಿಮೋಟು ಸಿಗುತ್ತದೆಂದು ಕೇಳಿದ್ದೆ. ಬಸ್ ನಿಲ್ದಾಣದ ಹತ್ತಿರ ಅಣ್ಣ ಯಾವಾಗಲೂ ಸಾಮಾನು ಕೊಳ್ಳುತ್ತಿದ್ದ ಸಾಹೇಬರ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದೆ.

"ಬನ್ನಿ ಮೇಡಂ. ಭಾಯ್ ಹೆಂಗವ್ರೆ?" ಎಂದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಗಾಜಿನ ಮೇಲಿನ ಧೂಳು ಒರೆಸಿದರು. ಆಮೇಲೆ ಉದ್ದನೆಯ, ಮೈತುಂಬ ಗುಂಡಿಗಳಿದ್ದ ಒಂದು ರಿಮೋಟು ತೆಗೆದಿಟ್ಟರು. "ಇದು ನೋಡಿ. ದುನಿಯಾದಲ್ಲಿರೋ ಎಲ್ಲಾ ಟೀವಿನೂ ಇದರ ಮಾತು ಕೇಳ್ತವೆ."

"ಆಂಪ್ಲಿಫೈಯರು?"

"ಅದೂ ಕೇಳ್ತದೆ. ಕೇಳ್ದೇ ಇದ್ರೆ ವಾಪಸ್ ತನ್ನಿ, ಅದಕ್ಕೆ ನಾನೇ ಬೈತೀನಿ."

ಮನೆಗೆ ತಂದು, ಅಣ್ಣನ ಎದುರಿಗೇ ಕೂತು ಹೊಂದಿಸಿದೆ. ಮೂಲೆಯ ಒಂದು ಗುಂಡಿಯನ್ನು ಕೆಂಪು ದೀಪ ಹತ್ತುವವರೆಗೆ ಒತ್ತಿ ಹಿಡಿಯಬೇಕು. ಆಮೇಲೆ ಟೀವಿಯ ಕಡೆ ತಿರುಗಿಸಿ ಇನ್ನೊಂದು ಗುಂಡಿಯನ್ನು ಒತ್ತಿ ಹಿಡಿದೇ ಇರಬೇಕು. ರಿಮೋಟು ತನಗೆ ಗೊತ್ತಿರುವ ಸಂಕೇತಗಳನ್ನು ಒಂದಾದ ಮೇಲೊಂದು ಕಳಿಸುತ್ತದೆ. ಸರಿಯಾದದ್ದು ಸಿಕ್ಕಾಗ ಟೀವಿ ತಾನಾಗಿ ಆರಿಹೋಗುತ್ತದೆ. ಅದೇ ಗುರುತು, ತಕ್ಷಣ ಕೈ ಬಿಡಬೇಕು, ತಡವಾದರೆ ಅದು ಮುಂದಿನದಕ್ಕೆ ಹೋಗಿಬಿಡುತ್ತದೆ. ಟೀವಿ ಆರಿತು. ಡಿಶ್ ಡಬ್ಬಿಯೂ ಆರಿತು. ಆಂಪ್ಲಿಫೈಯರ್ ಮಾತ್ರ ಎಷ್ಟು ಒತ್ತಿದರೂ ತನ್ನ ಹಸಿರು ದೀಪ ಉರಿಸಿಕೊಂಡೇ ಇತ್ತು. ಅಣ್ಣನ ಬಾಯಿಯ ಎಡ ತುದಿ ಸ್ವಲ್ಪ ಮೇಲೆ ಹೋಯಿತು. ನಗುತ್ತಿದ್ದ. ಅವನಿಗೆ ಮೊದಲೇ ಗೊತ್ತಿತ್ತು.

ರಿಮೋಟನ್ನು ವಾಪಸ್ ಅಂಗಡಿಗೆ ಒಯ್ದೆ. ಸಾಹೇಬರು ಕೇಳಿದರು, "ಅದು ಯಾವ ಕಂಪನೀದು?"

"ಅವನೇ ಜೋಡಿಸಿದ್ದು."

"ಹಂಗನ್ನಿ ಮತ್ತೆ. ಊರು ಹೆಸರು ಇಲ್ದಿರೋ ಮಾಲು, ಇದಕ್ಕೆ ಹೆಂಗೆ ಗುರುತು ಸಿಗ್ತದೆ? ನಿಮಗೆ ಕಲಿಯೋ ರಿಮೋಟ್ ಬೇಕು. ಹಳೇ ರಿಮೋಟು ಏನು ಹೇಳ್ತದೋ ಅದನ್ನ ಗಿಣಿ ಥರ ಕಲ್ತುಕೊಳ್ತದೆ."

ಬೆಂಗಳೂರಿನಿಂದ ಒಂದನ್ನು ತರಿಸಿಕೊಟ್ಟರು. ವಯಸ್ಸಾದವರಿಗೆಂದು ಮಾಡಿದ್ದು, ಅಂಗೈ ಅಗಲ, ಮೇಲೆ ಬೆರಳೆಣಿಕೆಯ ದೊಡ್ಡ ಗುಂಡಿಗಳು. ಅದಕ್ಕೆ ಕಲಿಸಬೇಕಾದರೆ ಹಳೆಯ ರಿಮೋಟು ಮತ್ತು ಹೊಸದನ್ನು ಮೇಜಿನ ಮೇಲೆ ಮುಖಕ್ಕೆ ಮುಖ ಕೊಟ್ಟು ಮಲಗಿಸಬೇಕು. ಹೊಸದರ ಗುಂಡಿ ಒತ್ತಬೇಕು, ಹಳೆಯದರ ಗುಂಡಿ ಒತ್ತಬೇಕು, ದೀಪ ಮಿಣುಕಿದರೆ ಕಲಿತಿತು. ಮಿಣುಕಲಿಲ್ಲ. ಅಣ್ಣ ಎದೆಯ ಸದ್ದು ಮಾಡಿ ನನ್ನನ್ನು ಕರೆದ. ಕಣ್ಣಿನಿಂದ ಕಿಟಕಿ ತೋರಿಸಿದ. ಬಿಸಿಲು ನೇರ ಮೇಜಿನ ಮೇಲೆ ಬೀಳುತ್ತಿತ್ತು. ಪರದೆ ಎಳೆದೆ. ಹೆಬ್ಬೆರಳನ್ನು ಹಿಂದಕ್ಕೆ ಮಡಿಸಿ ಇನ್ನೂ ದೂರ ಎಂದು ಸನ್ನೆ ಮಾಡಿದ. ಹಳೆಯದನ್ನು ಸ್ವಲ್ಪ ಹಿಂದಕ್ಕೆ ಸರಿಸಿದೆ. ದೀಪ ಮಿಣುಕಿತು. ಆ ಮಧ್ಯಾಹ್ನ ಒಂದೊಂದೇ ಗುಂಡಿಯನ್ನು ಇಬ್ಬರೂ ಸೇರಿ ಕಲಿಸಿದೆವು. ರೋಗ ಬಂದ ಮೇಲೆ ಅವನು ಒಂದು ಕೆಲಸದಲ್ಲಿ ಮೈಮರೆತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ರಿಮೋಟನ್ನು ಬಟ್ಟೆಯ ಪಟ್ಟಿಯಿಂದ ಮಂಚದ ಕಂಬಿಗೆ, ಅವನ ಎಡಗೈ ಇರುವ ಕಡೆ, ಬಿಗಿಯಾಗಿ ಕಟ್ಟಿದೆ. ಸದ್ದು ಹೆಚ್ಚಿಸುವ ಗುಂಡಿಯ ಮೇಲೆ ಅವನ ಹೆಬ್ಬೆರಳಿಟ್ಟು ಹೇಳಿದೆ, "ನಮ್ಮನ್ನ ಕರೀಬೇಕಾದ್ರೆ ಇದನ್ನ ಒತ್ತಿ ಹಿಡಿ." ಅವನು ಒತ್ತಿ ಹಿಡಿದ. ಐದು ಸ್ಪೀಕರುಗಳಿಂದಲೂ ಸದ್ದು ಏರಿ ಕಿಟಕಿಯ ಗಾಜು ನಡುಗಿತು. ಅಮ್ಮ ಒದ್ದೆ ಕೈಯಲ್ಲೇ ಹಿತ್ತಿಲಿನಿಂದ ಓಡಿಬಂದಳು. ಅವನು ಕೈ ತೆಗೆದು, ಕಡಿಮೆ ಮಾಡುವ ಗುಂಡಿ ಹುಡುಕಿ ತಾನೇ ಮೆಲ್ಲಗೆ ಮಾಡಿದ. ಕರೆಗಂಟೆಯನ್ನು ಒಲ್ಲದವನು ಇದನ್ನು ಒಪ್ಪಿದ. ಯಾವತ್ತೂ ಜೋರಾಗಿ ಹಾಕದವನ ಕೋಣೆಯಿಂದ ಜೋರು ಸದ್ದು ಬಂತೆಂದರೆ ಅದಕ್ಕೆ ಬೇರೆ ಅರ್ಥವಿರಲು ಸಾಧ್ಯವಿರಲಿಲ್ಲ. ಕೆಲವು ತಿಂಗಳು ಹಾಗೆಯೇ ನಡೆಯಿತು. ಅವನು ಎಚ್ಚರವಿದ್ದಷ್ಟು ಹೊತ್ತು ಟೀವಿ ಮೆಲ್ಲಗೆ ಹಾಕಿಯೇ ಇರುತ್ತಿತ್ತು. ನೀರು ಬೇಕಾದರೆ ಕರೆಯುತ್ತಿದ್ದ, ಮಗ್ಗುಲು ಬದಲಿಸಬೇಕಾದರೆ ಕರೆಯುತ್ತಿದ್ದ. ಸದ್ದು ಏರಿದರೆ ಅಮ್ಮ ಹೋಗುತ್ತಿದ್ದಳು.

ಅಮ್ಮನಿಗೆ ಅವನನ್ನು ಎತ್ತಿ ಕೂರಿಸಲು ಆಗದೆ ಹೋದಾಗ ಹಗಲು ಹೊತ್ತು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಇಟ್ಟುಕೊಂಡೆವು. ಪಾವಗಡದ ಆಚೆಯ, ತೆಲುಗು ಮಾತಾಡುವ ಹಳ್ಳಿಯವಳು, ಶಿರಾದಲ್ಲಿ ತಂಗಿಯ ಮನೆಯಲ್ಲಿದ್ದಳು. ಒಳ್ಳೆಯವಳು, ಕೈ ಮೃದು. ಅಣ್ಣ ಅವಳ ಕೈಯಿಂದ ಊಟ ಮಾಡುತ್ತಿದ್ದ.

ಇಲ್ಲಿ ಅಮ್ಮನ ಒಂದು ಮಾತಿನ ಬಗ್ಗೆ ಹೇಳಬೇಕು. ನಮ್ಮ ಮನೆಯಲ್ಲಿ ದೀಪವನ್ನು ಆರಿಸು ಎನ್ನುವುದಿಲ್ಲ. ಅದು ಕೆಟ್ಟ ಮಾತು, ಸಾವಿನ ಮಾತು. ದೇವರ ಮುಂದಿನ ದೀಪ ಆರಿಸುವಾಗ 'ದೊಡ್ಡದು ಮಾಡು' ಎನ್ನುತ್ತೇವೆ. ಅನೇಕರ ಮನೆಯಲ್ಲಿ ಹಾಗೆ. ಅಮ್ಮ ಅದನ್ನು ಕರೆಂಟಿನ ದೀಪಕ್ಕೂ ಹೇಳುತ್ತಿದ್ದಳು, ಒಲೆಗೂ ಹೇಳುತ್ತಿದ್ದಳು. ಬೆಳಕಿರುವ ಯಾವ ವಸ್ತುವಿಗೂ ಅವಳ ಬಾಯಲ್ಲಿ ಬೇರೆ ಮಾತು ಬರುತ್ತಿರಲಿಲ್ಲ. ಟೀವಿ ದೊಡ್ಡದು ಮಾಡು ಎಂದರೆ ನಾನೂ ಅಣ್ಣನೂ ಎದ್ದು ಹೋಗಿ ಟೀವಿ ನಿಲ್ಲಿಸುತ್ತಿದ್ದೆವು.

ಒಂದು ಮಧ್ಯಾಹ್ನ ಅಣ್ಣನಿಗೆ ಜೊಂಪು ಹತ್ತಿತ್ತು. ಅಮ್ಮ ಬಾಗಿಲಲ್ಲಿ ಇಣುಕಿ, "ಮಲಿಕ್ಕಂಡ ನೋಡು. ಅದನ್ನ ದೊಡ್ಡದು ಮಾಡ್ಬುಡು ತಾಯಿ," ಎಂದಳು. ಆ ಹೆಂಗಸು ಬಗ್ಗಿ ಗುಂಡಿ ಒತ್ತಿದಳು. ಸ್ಪೀಕರುಗಳು ಗುಡುಗಿದವು, ಅಣ್ಣ ಬೆಚ್ಚಿ ಕಣ್ಣು ತೆರೆದ.

"ಅಯ್ಯೋ ನಿನ್ನ, ದೊಡ್ಡದು ಮಾಡು ಅಂದ್ರೆ ಇಂಗಾ?" ಎಂದಳು ಅಮ್ಮ.

"ನೀವೇ ಅಂದ್ರಲ್ಲಮ್ಮ ದೊಡ್ಡದು ಅಂತ. ಸೌಂಡು ದೊಡ್ಡದು ಅನ್ಕಂಡೆ."

"ದೀಪಕ್ಕೆ ಏನಂತೀರೇ ನಿಮ್ಮ ಕಡೆ?"

"ಕೊಂಡೆಕ್ಕಿಂದಿ ಅಂತೀವಿ. ದೀಪ ಬೆಟ್ಟ ಹತ್ತಿತು ಅಂತ."

"ಸರಿ ಬುಡು. ನಿಮ್ಮ ದೀಪ ಬೆಟ್ಟ ಹತ್ತಲಿ, ನಮ್ಮದು ದೊಡ್ಡದಾಗ್ಲಿ. ಇವನ ಕಿವಿ ಮಾತ್ರ ಉಳಿಸು."

ಅಣ್ಣನೂ ನಕ್ಕನಂತೆ. ಸಂಜೆ ನಾನು ಬಂದಾಗ ಅಮ್ಮನೂ ಅವಳೂ ಇದನ್ನು ನನಗೆ ಹೇಳಿ ಮತ್ತೆ ನಕ್ಕರು. ಆದರೆ ನಾಲಿಗೆಯ ರೂಢಿ ಒಂದು ದಿನದಲ್ಲಿ ಹೋಗುವುದಿಲ್ಲ. ಅಮ್ಮ ಮತ್ತೆಯೂ ಹಾಗೆಯೇ ಹೇಳಿದಳು, ಆ ಹೆಂಗಸು ಮತ್ತೊಂದೆರಡು ಸಲ ಹಾಗೆಯೇ ಮಾಡಿದಳು. ಪ್ರತಿ ಸಲವೂ ಅಮ್ಮ ಇದ್ದಲ್ಲಿಂದಲೇ ಕೂಗಿ ಹೇಳುತ್ತಿದ್ದಳು, ಅವಳು ಕಡಿಮೆ ಮಾಡುತ್ತಿದ್ದಳು. ಅಣ್ಣನ ಕೋಣೆಯ ಜೋರು ಸದ್ದಿಗೆ ಹೀಗೆ ಎರಡನೆಯ ಅರ್ಥವೊಂದು ಬಂದಿತು.

ಮುಂದಿನದನ್ನು ನಾನು ಕಣ್ಣಾರೆ ನೋಡಿಲ್ಲ. ಅಮ್ಮನನ್ನೂ ಆ ಹೆಂಗಸನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿದ್ದೇನೆ, ಇಬ್ಬರೂ ಹೇಳಿದ್ದು ಒಂದೇ.

ಅವಳು ಅಣ್ಣನಿಗೆ ಗಂಜಿ ಕೊಟ್ಟು, ಬಾಯಿ ಒರೆಸಿ, ಹೇಳಿದ್ದಷ್ಟು ಹೊತ್ತು ನೋಡಿಕೊಂಡು ಕೂತಿದ್ದಳು. ಅವನು ಆರಾಮವಾಗಿದ್ದ, ಸಿನಿಮಾ ನೋಡುತ್ತಿದ್ದ. ಮೋಡ ಕವಿದಿತ್ತು. ಅವನ ಹೊದಿಕೆಗಳು ತಾರಸಿಯ ಮೇಲೆ ಒಣಗುತ್ತಿದ್ದವು, ತರಲು ಹತ್ತಿ ಹೋದಳು. ಅಮ್ಮ ಅಡುಗೆಮನೆಯಲ್ಲಿ ಕೋಲಿನಿಂದ ಮುದ್ದೆ ತೊಳಸುತ್ತಿದ್ದಳು. ಸದ್ದು ಏರಿತು. ಅಮ್ಮ ಕೋಲು ಬಿಡದೆ ಕೂಗಿದಳು, "ಲೇ, ನಾನು ಈಗ ಏನೂ ಅಂದಿಲ್ಲ ಕಣೇ. ಕಮ್ಮಿ ಮಾಡು." ತಾರಸಿಯ ಮೇಲಿದ್ದವಳಿಗೂ ಸದ್ದು ಕೇಳಿಸಿತು. ಕೆಳಗೆ ಅಮ್ಮನ ದನಿಯೂ ಕೇಳಿಸಿತು, ಮಾತು ತಿಳಿಯಲಿಲ್ಲ. ಅಮ್ಮ ಅವನ ಹತ್ತಿರ ಇದ್ದಾಳೆ, ಅವನೊಂದಿಗೇ ಮಾತಾಡುತ್ತಿದ್ದಾಳೆ ಎಂದುಕೊಂಡಳು. ಹೊದಿಕೆ ಮಡಿಸಿದಳು.

ಸದ್ದು ಇಳಿಯಲಿಲ್ಲ. ಅಮ್ಮ ಮುದ್ದೆ ಕಟ್ಟಿ, ತಟ್ಟೆಗಿಟ್ಟು, ಬೈಯಲೆಂದೇ ಎದ್ದು ಹೋದಳು. ಅಣ್ಣ ಒಬ್ಬನೇ ಇದ್ದ. ಮುಖ ಕಪ್ಪಾಗಿತ್ತು, ಕಣ್ಣು ಬಾಗಿಲ ಕಡೆಗೇ ಇತ್ತು. ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು. ಗುಂಡಿಯನ್ನು ಇನ್ನೂ ಒತ್ತುತ್ತಲೇ ಇದ್ದ.

ಅಮ್ಮನ ಕೂಗಿಗೆ ಆ ಹೆಂಗಸು ಓಡಿ ಇಳಿದು ಬಂದು ಅವನನ್ನು ಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ಗುದ್ದಿದಳು. ಗಂಟಲಿಂದ ಗಂಜಿ ಮತ್ತು ಲೋಳೆ ಬಂತು. ಪಕ್ಕದ ಮನೆಯವರು ಆಂಬುಲೆನ್ಸ್ ಕರೆದರು. ನಾನು ಶಿರಾಕ್ಕೆ ಬರುವ ಹೊತ್ತಿಗೆ ತುಮಕೂರಿಗೆ ಕಳಿಸಿದ್ದರು. ಅಲ್ಲಿ ಅವನು ಉಳಿದ. ಶ್ವಾಸಕೋಶಕ್ಕೆ ಅನ್ನದ ಕಣ ಹೋಗಿತ್ತು, ಜ್ವರ ಬಹಳ ದಿನ ಇಳಿಯಲಿಲ್ಲ. ಮೂಗಿನಿಂದ ಹೊಟ್ಟೆಗೆ ಒಂದು ಕೊಳವೆ ಹಾಕಿ ಮನೆಗೆ ಕಳಿಸಿದರು. ಇನ್ನು ಬಾಯಿಗೆ ಏನೂ ಕೊಡುವಂತಿಲ್ಲ.

ಆ ಹೆಂಗಸು ಆಸ್ಪತ್ರೆಯಲ್ಲೂ ನಮ್ಮ ಜೊತೆ ಇದ್ದಳು. ಮನೆಗೆ ಬಂದ ಮೇಲೆ ಕೆಲಸ ಬಿಟ್ಟಳು. "ಅಣ್ಣನ ಮುಖ ನೋಡಾಕಾಗಲ್ಲ ಅಕ್ಕ," ಎಂದಳು. ಅಮ್ಮ ಅವಳಿಗೆ ಸೀರೆ ಕೊಟ್ಟು, ತಲೆ ಸವರಿ ಕಳಿಸಿದಳು. ಆಮೇಲೆ ನನ್ನ ಹತ್ತಿರ ಬಂದು ಕೂತು ಹೇಳಿದಳು, "ನಂಗೆ ಕೇಳುಸ್ತು ಕಣಮ್ಮ. ಕೇಳ್ಲಿಲ್ಲ ಅಂತ ಯಾರಾದ್ರೂ ಅಂದ್ರೆ ಸುಳ್ಳು. ಕೇಳುಸ್ತು, ನಾನು ಕೋಲು ಬುಡ್ಲಿಲ್ಲ."



ಅಣ್ಣ ಈಗ ಸದ್ದು ಹೆಚ್ಚಿಸುವುದಿಲ್ಲ. ರಿಮೋಟು ಕೆಟ್ಟಿಲ್ಲ. ಅವನ ಹೆಬ್ಬೆರಳನ್ನು ಗುಂಡಿಯ ಮೇಲೆ ಇಟ್ಟು, "ಒತ್ತು, ಬತ್ತೀವಿ," ಎಂದೆ. ಬೆರಳನ್ನು ಹಿಂದಕ್ಕೆ ಎಳೆದುಕೊಂಡ. ಮತ್ತೆ ಇಟ್ಟೆ, ಮತ್ತೆ ಎಳೆದುಕೊಂಡ. ಸಿಟ್ಟಿರಲಿಲ್ಲ. ಸಿಟ್ಟಾದರೆ ಅವನ ಕಣ್ಣು ಹೇಗಿರುತ್ತದೆಂದು ನನಗೆ ಗೊತ್ತು. ನಾನು ಟೀವಿ ಹಾಕಿದರೆ ನೋಡುತ್ತಾನೆ. ನಿಲ್ಲಿಸಿದರೆ ಆ ಕಪ್ಪು ಪರದೆಯ ಕಡೆಯೇ ನೋಡುತ್ತಿರುತ್ತಾನೆ.

ಶಾಲೆಗೆ ರಜೆ ಹಾಕಿದ್ದೇನೆ. ಅವನ ಕೋಣೆಯಲ್ಲಿ ಅಮ್ಮನೋ ನಾನೋ ಒಬ್ಬರು ಇದ್ದೇ ಇರುತ್ತೇವೆ. ಅಮ್ಮ ತನ್ನ ಕೆಲಸವನ್ನೆಲ್ಲ ಅಲ್ಲಿಗೇ ತಂದುಕೊಂಡಿದ್ದಾಳೆ. ಮೊನ್ನೆ ಮಂಚದ ಪಕ್ಕ ಅವನ ಎಡಗೈಗೆ ತಾಗುವಷ್ಟು ಹತ್ತಿರ ಕೂತು ಅವರೆಕಾಯಿ ಬಿಡಿಸುತ್ತಿದ್ದಳು, ಅವನೊಂದಿಗೆ ಏನೇನೋ ಮಾತಾಡುತ್ತಿದ್ದಳು. ನಾನು ಒಳಗೆ ಬಂದು ಹೊದಿಕೆ ಸರಿಪಡಿಸಲು ಹೋದರೆ ಕೆಳಗೆಲ್ಲ ಒದ್ದೆಯಾಗಿತ್ತು. ಒದ್ದೆ ತಣ್ಣಗಾಗಿತ್ತು, ಅವನ ತೊಡೆಯ ಚರ್ಮ ಸುಕ್ಕುಗಟ್ಟಿತ್ತು. ಬಹಳ ಹೊತ್ತಾಗಿರಬೇಕು.

ಅಮ್ಮ ಮೊರವನ್ನು ಕೆಳಗಿಟ್ಟು ಅವನ ಮುಖ ನೋಡಿದಳು. "ನಾನಿಲ್ಲೇ ಇದ್ನಲ್ಲಪ್ಪ," ಎಂದಳು. "ಒಂದು ಬೆರಳು ಮುಟ್ಟಿಸಬಾರದಾಗಿತ್ತಾ?"

ಅವನು ಗೋಡೆಯ ಕಡೆ ನೋಡುತ್ತಿದ್ದ. ನಾವಿಬ್ಬರೂ ಸೇರಿ ಅವನನ್ನು ಹೊರಳಿಸಿ ಬಟ್ಟೆ ಬದಲಾಯಿಸಿದೆವು.