ವರ್ಣತಂತು ಮತ್ತು ಕೇಸರಿ ಹಾಲು

ಸಿಂದಗಿಯ ಕಾಲೇಜೊಂದರಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ವರ್ಣತಂತು ಎಂಬ ಪದವನ್ನು ಪ್ರತಿ ವರ್ಷವೂ ಹಲಗೆಯ ಮೇಲೆ ಬರೆಯುತ್ತೇನೆ. ಅದಕ್ಕೆ ಆ ಹೆಸರು ಏಕೆ ಎಂದು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಕೇಳಿದವರು ಅಗರಖೇಡದಲ್ಲಿರುವ ನನ್ನ ತಂಗಿಯ ಅತ್ತೆ.

ತಂಗಿಗೆ ಮಗಳು ಹುಟ್ಟಿ ಮೂರು ತಿಂಗಳಾಗಿತ್ತು. ಕೂಸಿನ ಮೈ ತೀರ ಮೆತ್ತಗೆ, ಕುತ್ತಿಗೆ ನಿಲ್ಲುತ್ತಿರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದ ವೈದ್ಯರು, ಇದು ಡೌನ್ ಸಿಂಡ್ರೋಮ್, ಜೀವಕೋಶದಲ್ಲಿ ಒಂದು ವರ್ಣತಂತು ಹೆಚ್ಚಿದೆ ಎಂದಿದ್ದರು. ಸುದ್ದಿ ತಿಳಿದು ನಾನು ಹೋದೆ. ತಂಗಿ ನನ್ನನ್ನು ಕಂಡು ಅತ್ತಳು, ಆಮೇಲೆ ಕೂಸಿಗೆ ಹಾಲೂಡಿಸಲು ಒಳಗೆ ಹೋದಳು. ರೊಟ್ಟಿ ಬಡಿಯುತ್ತಿದ್ದ ಅತ್ತೆ ಹಿಟ್ಟಿನ ಕೈಯಲ್ಲೇ ಬಂದು ನನ್ನ ಪಕ್ಕ ಕುಳಿತರು.

"ವರ್ಣ ಅಂದ್ರ ಬಣ್ಣ ಅಲ್ಲೇನವ್ವಾ?"

"ಹೌದ್ರಿ."

"ಕೂಸು ಕೆಂಪಗ ಹುಟ್ಟಲಿ ಅಂತ ನಾನ ಆಕಿಗೆ ದಿನಾ ಕೇಸರಿ ಹಾಲು ಕುಡಿಸೇನಿ. ಒಲ್ಲೆ ಅಂದ್ರೂ ಬಿಡಲಿಲ್ಲ. ಅದಕ್ಕ ಬಣ್ಣದ ತಂತು ಹೆಚ್ಚಾಗೈತಿ."



"ಇಲ್ರಿ ಅವ್ವಾರ. ಅದು ಕೂಸಿನ ಬಣ್ಣ ಅಲ್ಲ," ಎಂದು ಬಿಡಿಸಿ ಹೇಳಿದೆ. ಜೀವಕೋಶ ಮಸೂರದ ಕೆಳಗೆ ನೀರಿನ ಹಾಗೆ ತಿಳಿಯಾಗಿ ಕಾಣುತ್ತದೆ. ಒಳಗೇನಿದೆ ಎಂದು ನೋಡಲು ಹಿಂದಿನ ವಿಜ್ಞಾನಿಗಳು ಬಣ್ಣ ಹಾಕಿದರು. ಕೆಲವು ಎಳೆಗಳು ಅದನ್ನು ಗಾಢವಾಗಿ ಹೀರಿಕೊಂಡವು. ಹಾಗಾಗಿ ಬಣ್ಣ, ಮೈ ಎಂಬ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಕ್ರೋಮೋಸೋಮ್ ಎಂದು ಕರೆದರು. ಕನ್ನಡದಲ್ಲಿ ಮೈ ಹೋಗಿ ತಂತು ಬಂತು. "ಬಣ್ಣ ಹೊರಗಿಂದ್ರಿ, ಕಣ್ಣಿಗೆ ಕಾಣಲಿ ಅಂತ ಹಾಕಿದ್ದು. ಎಳಿಗೆ ತನ್ನದೇ ಆದ ಬಣ್ಣ ಇಲ್ಲ."

"ಹಂಗಾರ ಹಾಲಿಂದ ಆಗಿಲ್ಲ?"

"ಹಾಲಿಂದೂ ಅಲ್ಲ, ನಿಮ್ಮಿಂದೂ ಅಲ್ಲ. ನೀವು ಹಾಲು ಕೊಡೂದಕ್ಕಿಂತ ಮೊದಲ, ಕೂಸು ಹೊಟ್ಟ್ಯಾಗ ಮೂಡುವಾಗನ, ಆ ಎಳಿ ಬಂದಿತ್ತು."

ಅವರು ಹಿಟ್ಟು ಒಣಗಿದ ಬೆರಳುಗಳನ್ನೇ ನೋಡುತ್ತ ಕುಳಿತರು. ತಂಗಿ ಕೂಸನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ನಾನೂ ಹಾಲಿಂದನ ಆಗೈತಿ ಅಂತ ಅಂದ್ಕೊಂಡಿದ್ದೆ, ಅತ್ತಿ," ಎಂದಳು. "ಹೇಳಿದ್ರ ನಿಮಗ ನೋವಾಗತೈತಿ ಅಂತ ಸುಮ್ಮಿದ್ದೆ."

ಅತ್ತೆ ಎದ್ದು ಕೈ ತೊಳೆದು ಬಂದು ಕೂಸನ್ನು ಎತ್ತಿಕೊಂಡರು. ಅಂದು ಮೂವರೂ ಕೂಡಿ ಉಂಡೆವು.

ಹುಡುಗಿಗೆ ಈಗ ನಾಲ್ಕು ವರ್ಷ. ನಡೆಯಲು ಕಲಿತದ್ದು ತಡವಾಗಿ. ಮಾತು ಇನ್ನೂ ತೊದಲು. ಕೈಕಾಲಿಗೆ ವ್ಯಾಯಾಮ ಮಾಡಿಸಲು ಅಜ್ಜಿಯೇ ಬಸ್ಸಿನಲ್ಲಿ ಇಂಡಿಯ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಈ ವರ್ಷ ಅಂಗನವಾಡಿಗೂ ಸೇರಿದ್ದಾಳೆ. ಕಳೆದ ಸಲ ನಾನು ಹೋದಾಗ ಹೊಸ್ತಿಲಲ್ಲೇ ನನ್ನ ಚೀಲ ಕಸಿದುಕೊಂಡು, ಬಾಳೆಹಣ್ಣು ಹುಡುಕಿ ತೆಗೆದು, ಅರ್ಧ ಮುರಿದು ನನ್ನ ಬಾಯಿಗಿಟ್ಟಳು.